ದೂರದ ಫ್ಲ್ಯಾಟು ಕೊಳ್ಳಹೊರಟ ಗೆಳೆಯನಿಗೆ

ಮಾದಾಪುರ, ಕೊಡಗು

ಪ್ರಿಯ ಗೆಳೆಯಾ,

ಕಾಫಿಗೆ ಒಳ್ಳೆ ಬೆಲೆ ಸಿಕ್ಕ ದುಡ್ಡಲ್ಲಿ ವೈಟ್‌ಫೀಲ್ಡ್ ಕಡೆ ಎರಡು ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಡಬೇಕು ಅಂದೆಯಲ್ಲ, ಅದರ ಬಗ್ಗೆ ಫೋನಿನಲ್ಲಿ ಪೂರ್ತಿ ಮಾತಾಡಲಾಗಲಿಲ್ಲ. "ತಿಂಗಳಾದರೆ ಬಾಡಿಗೆ ಅಕೌಂಟಿಗೆ ಬೀಳುತ್ತೆ, ತೋಟದ ಹಾಗೆ ಮಳೆ, ಆಳು, ಆನೆ ಅಂತ ತಲೆಬಿಸಿ ಇಲ್ಲ" ಎಂದ ನಿನ್ನ ಮಾತು ಮನಸ್ಸಿನಲ್ಲೇ ಉಳಿದಿದೆ. ಮೈಸೂರಿನಲ್ಲೊಂದು, ಬೆಂಗಳೂರಿನ ಕನಕಪುರ ರಸ್ತೆಯಲ್ಲೊಂದು ಫ್ಲ್ಯಾಟಿಟ್ಟುಕೊಂಡು ಇಲ್ಲಿಂದಲೇ ನೋಡಿಕೊಳ್ಳುತ್ತಿರುವವನು ನಾನು. ನಮ್ಮ ಕಡೆ ಇನ್ನೂ ಎಷ್ಟೋ ಮಂದಿ ಇದೇ ಯೋಚನೆಯಲ್ಲಿದ್ದಾರೆ, ಅವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ದೂರದಿಂದ ಆಸ್ತಿ ನೋಡಿಕೊಳ್ಳುವುದು ಕೊಡಗಿನವರಿಗೆ ಹೊಸದಲ್ಲ. ಮಿಲಿಟರಿಯಲ್ಲಿದ್ದು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ನಮ್ಮ ಹಿರಿಯರ ತೋಟಗಳನ್ನು ಉಳಿಸಿದವರು ಆಳು, ಲೆಕ್ಕ ಎಲ್ಲ ನೋಡಿಕೊಳ್ಳುತ್ತಿದ್ದ ರೈಟರುಗಳು. ರೈಟರು ಒಳ್ಳೆಯವನಾಗಿದ್ದರೆ ಮಾಲೀಕ ಕಾಶ್ಮೀರದಲ್ಲಿದ್ದರೂ ಗಿಡಗಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ಸಿಂಪಡಣೆ ಮಳೆಗೆ ಮೊದಲೇ ಮುಗಿಯುತ್ತಿತ್ತು. ಫ್ಲ್ಯಾಟಿಗೂ ಅಂಥ ಒಬ್ಬ ಬೇಕು. ನನ್ನ ಅನುಭವದಲ್ಲಿ ಅವನು ಬ್ರೋಕರಲ್ಲ, ಕಮಿಷನ್ ತೆಗೆದುಕೊಂಡು ಮನೆ ನೋಡಿಕೊಳ್ಳುವ ಕಂಪನಿಯೂ ಅಲ್ಲ. ಮನೆಯೊಳಗೆ ವಾಸವಾಗಿರುವ ಬಾಡಿಗೆದಾರನೇ ಅವನು. ನಲ್ಲಿ ಸೋರುವುದು ಮೊದಲು ಗೊತ್ತಾಗುವುದು ಅವನಿಗೆ. ನಿನಗೆ ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುವವನೂ ಅವನೇ. ಅವನಿಗೆ ಹೇಳಬೇಕು ಅನ್ನಿಸುವ ಹಾಗೆ ನಾವು ನಡೆದುಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

2018ರ ಆಗಸ್ಟ್ ನಿನಗೂ ನೆನಪಿದೆ. ಹಟ್ಟಿಹೊಳೆ, ಮಕ್ಕಂದೂರು ಕಡೆಯೆಲ್ಲ ಗುಡ್ಡ ಕುಸಿದು, ಕರೆಂಟಿಲ್ಲದೆ, ಸಿಗ್ನಲ್ ಇಲ್ಲದೆ ನಾವು ಕೂತಿದ್ದ ದಿನಗಳು. ಆಗಲೇ ಬೆಂಗಳೂರಿನ ಮನೆಯ ಗೀಸರ್ ಪೈಪು ಒಡೆದು ಹಾಲ್‌ವರೆಗೆ ನೀರು ಬಂದಿತ್ತು. ಬಾಡಿಗೆಗಿದ್ದ ದಂಪತಿ ನನಗೆ ಫೋನ್ ಮಾಡಿ ಮಾಡಿ ಸಿಗದೆ, ತಾವೇ ಪ್ಲಂಬರನ್ನು ಕರೆಸಿ ದುಡ್ಡು ಕೊಟ್ಟು, ಬಿಲ್ಲಿನ ಫೋಟೊ ಕಳಿಸಿ, "ಅಂಕಲ್, ಮೊದಲು ನೀವು ಕ್ಷೇಮವಾಗಿದ್ದೀರಾ ಹೇಳಿ" ಎಂದು ಮೆಸೇಜ್ ಹಾಕಿದ್ದರು. ಸಿಗ್ನಲ್ ಬಂದ ಮೇಲೆ ಅದನ್ನು ಓದಿ ನನಗೆ ಕಣ್ಣು ತುಂಬಿತು. ಅಂದಿನಿಂದ ಕರಾರಿನಲ್ಲೇ ಒಂದು ಸಾಲು ಬರೆಸುತ್ತೇನೆ: 2,000 ರೂಪಾಯಿವರೆಗಿನ ರಿಪೇರಿಗೆ ನನ್ನನ್ನು ಕೇಳಬೇಕಾಗಿಲ್ಲ, ಮಾಡಿಸಿ ಬಿಲ್ ಕಳಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಈ ಸಾಲನ್ನು ಯಾರೂ ದುರುಪಯೋಗ ಮಾಡಿಕೊಂಡಿಲ್ಲ.

ಈಗ ಲೆಕ್ಕ. ಬಾಡಿಗೆ 30,000 ಅಂತಿಟ್ಟುಕೋ. ಪೇಟೆಯಲ್ಲಿ 32,000 ನಡೆಯುತ್ತಿದೆ ಎಂದು ಹಟ ಹಿಡಿದು ಒಳ್ಳೆ ಬಾಡಿಗೆದಾರನನ್ನು ಕಳಕೊಂಡರೆ, ಮನೆ ಒಂದು ತಿಂಗಳು ಖಾಲಿ ಬಿದ್ದರೂ 30,000 ಹೋಯಿತು. ಬ್ರೋಕರ್‌ಗೆ ಕೊಡಬೇಕಾಗಿ ಬಂದರೆ ಇನ್ನೊಂದು ತಿಂಗಳದ್ದು ಹೋಯಿತು. ಖಾಲಿ ಇದ್ದಾಗ ಅಸೋಸಿಯೇಷನ್ನಿನ ಮೇಂಟೆನೆನ್ಸ್ ನಿನ್ನ ತಲೆಗೇ. ಹೆಚ್ಚಿಗೆ ಸಿಗುವುದು ವರ್ಷಕ್ಕೆ 24,000 ಮಾತ್ರ. ನಾನು ವರ್ಷಕ್ಕೆ ಶೇಕಡಾ ಐದು ಅಂತ ಕರಾರಿನಲ್ಲಿ ಬರೆಸಿದರೂ, ಮನೆಯನ್ನು ಚೆನ್ನಾಗಿಟ್ಟುಕೊಂಡವರಿಗೆ ಅಷ್ಟೂ ಏರಿಸುವುದಿಲ್ಲ.

ಅಡ್ವಾನ್ಸ್ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗ ಐದಾರು ತಿಂಗಳಿಗೂ ಒಪ್ಪುತ್ತಾರೆ. ಎಷ್ಟೇ ಆಗಲಿ, ಆ ದುಡ್ಡು ನಮ್ಮದಲ್ಲ. ಕೊಯ್ಲಿನ ಕೂಲಿಗೋ ಗೊಬ್ಬರಕ್ಕೋ ಅದನ್ನು ಮುಟ್ಟಬೇಡ, ಬೇರೆ ಎಫ್‌ಡಿ ಮಾಡಿಡು. ಮನೆ ಬಿಟ್ಟು ಹೋಗುವವನಿಗೆ ಅಡ್ವಾನ್ಸಿಗಾಗಿ ತಿಂಗಳುಗಟ್ಟಲೆ ಫೋನ್ ಮಾಡಿಸುವ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಲ್ಲಿನ ರೂಢಿ. ಹಿಡಿಯುವುದಾದರೆ ಮೊದಲೇ ಬರೆದಿರಬೇಕು, ಬಣ್ಣ ನಿಜವಾಗಿ ಹೊಡೆಸಲೂಬೇಕು. ಒಳಗೆ ಬರುವ ದಿನ ಪ್ರತಿ ಕೋಣೆಯ ವಿಡಿಯೊ ಮಾಡಿ ಇಬ್ಬರ ಫೋನಿನಲ್ಲೂ ಇಟ್ಟುಕೊಂಡರೆ ಹೋಗುವಾಗ ಜಗಳವೇ ಬರುವುದಿಲ್ಲ.

ನಮ್ಮಂಥ ದೂರದ ಮಾಲೀಕರಿಗೇ ಬಲೆ ಹಾಕುವ ಒಂದು ಮೋಸವಿದೆ, ಎಚ್ಚರ. "ಮನೆ ನಮಗೆ ಬಿಡಿ, ತಿಂಗಳಾ ತಿಂಗಳಾ ಬಾಡಿಗೆ ಹಾಕುತ್ತೇವೆ, ನೀವು ಬರುವುದೇ ಬೇಡ" ಎಂದು ಯಾರೋ ಬರುತ್ತಾರೆ. ಮಾಲೀಕನಿಗೆ ಕೆಲವು ತಿಂಗಳು ಬಾಡಿಗೆ ಸರಿಯಾಗಿ ಬರುತ್ತದೆ. ಅತ್ತ ಅವರು ಅದೇ ಮನೆಯನ್ನು ಬೇರೊಂದು ಕುಟುಂಬಕ್ಕೆ ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತಕ್ಕೆ, ಕೊಟ್ಟು ಹತ್ತೋ ಹದಿನೈದೋ ಲಕ್ಷ ಇಸಕೊಂಡಿರುತ್ತಾರೆ. ಒಂದು ದಿನ ಬಾಡಿಗೆ ನಿಲ್ಲುತ್ತದೆ, ಫೋನ್ ಸ್ವಿಚ್ ಆಫ್. ಹೋಗಿ ನೋಡಿದರೆ ಒಳಗಿರುವ ಕುಟುಂಬ ಜೀವಮಾನದ ಉಳಿತಾಯ ಕಳಕೊಂಡು ಕೂತಿರುತ್ತದೆ. ಅವರನ್ನು ಹೊರಹಾಕಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ನಿನ್ನ ಸಾಲದ ಕಂತು ನಿಲ್ಲುತ್ತದೆ. ಇಂಥ ಪ್ರಕರಣಗಳು ಬೆಂಗಳೂರಿನ ಠಾಣೆಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಒಳಗೆ ಇರುವವರ ಜೊತೆಗೇ ನೇರ ಕರಾರಾಗಬೇಕು, ಅವರ ಮುಖ ನೋಡಿ ಮಾತಾಡಿರಬೇಕು, ಅವರು ಕೆಲಸ ಮಾಡುವ ಕಡೆ ವಿಚಾರಿಸಿರಬೇಕು. ಆ ಒಂದು ದಿನಕ್ಕಾದರೂ ಬಸ್ಸು ಹತ್ತಲೇಬೇಕು. ಹನ್ನೊಂದು ತಿಂಗಳ ಕರಾರು ಯಾಕೆ ಅಂತ ನೀನು ಕೇಳಿದ್ದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಅದಕ್ಕೆ ಈ ಪದ್ಧತಿ.

ಫ್ಲ್ಯಾಟಿನ ಇನ್ನೊಂದು ಗುಣ ತೋಟದವರಿಗೆ ತಟ್ಟನೆ ಹೊಳೆಯುವುದಿಲ್ಲ. ಬೇಲಿಯೊಳಗಿದ್ದದ್ದೆಲ್ಲ ನಮ್ಮದು ಅಂತ ಬದುಕಿದವರು ನಾವು. ಅಲ್ಲಿ ಗೋಡೆಯ ಆಚೆ ಬೇರೆಯವರದು, ತಲೆಯ ಮೇಲಿನದ್ದೂ ಬೇರೆಯವರದು. ಮೈಸೂರಿನ ಮನೆಯ ಸೀಲಿಂಗಿನಲ್ಲಿ ತೇವ ಕಾಣಿಸಿಕೊಂಡಿತು, ಮೇಲಿನ ಬಾತ್‌ರೂಮಿನಿಂದ ಜಿನುಗುತ್ತಿತ್ತು. ಆ ಮನೆಯ ಮಾಲೀಕರು ದುಬೈಯಲ್ಲಿ, ಅಲ್ಲಿದ್ದ ಬಾಡಿಗೆದಾರರು ಟೈಲ್ಸ್ ಒಡೆಸಲು ಒಪ್ಪಲಿಲ್ಲ. ಕೊನೆಗೆ ಅಸೋಸಿಯೇಷನ್ನಿನ ಕಾರ್ಯದರ್ಶಿ, ನಿವೃತ್ತ ಮೇಷ್ಟರು, ಎರಡೂ ಕಡೆಯವರನ್ನು ವಿಡಿಯೊ ಕಾಲಿನಲ್ಲಿ ಕೂರಿಸಿ ಒಪ್ಪಿಸಿದರು. ವಾಟರ್‌ಪ್ರೂಫಿಂಗ್ ಅವರ ಖರ್ಚು, ನನ್ನ ಸೀಲಿಂಗಿನ ಬಣ್ಣ ನನ್ನದು. ಅಸೋಸಿಯೇಷನ್ ಸಭೆಗೆ ವರ್ಷಕ್ಕೊಮ್ಮೆಯಾದರೂ ಹೋಗು. ನಿನ್ನ ಮುಖ ಕಂಡವರು ನಿನ್ನ ಮನೆಯ ವಿಷಯಕ್ಕೂ ನಿಲ್ಲುತ್ತಾರೆ.

ನೀರಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು. ನೀನು ನೋಡುತ್ತಿರುವ ಕಡೆಗೆ ಆ ಬಿಸಿ ಜೋರಾಗಿಯೇ ತಟ್ಟಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್‌ನ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕೈಮುಗಿಯುವವರು ನಾವು. ಅದೇ ಕಾವೇರಿ ನಮ್ಮ ಬಾಡಿಗೆದಾರನ ಅಡುಗೆಮನೆ ತಲುಪುತ್ತಾಳೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳಬೇಡವೇ? ಆ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇದೆಯೋ, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ ಎಂದು ಸೆಕ್ಯುರಿಟಿಯವರನ್ನು ಕೇಳು. ಮಾರಾಟದವರು ಹೇಳದ್ದನ್ನು ಅವರು ಹೇಳುತ್ತಾರೆ.

ತೆರಿಗೆ ಚಿಕ್ಕದಾಗಿ ಹೇಳುತ್ತೇನೆ. ಬಾಡಿಗೆಯಲ್ಲಿ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ವಿನಾಯಿತಿ, ರಿಪೇರಿಗೆ ಎಷ್ಟೇ ಖರ್ಚಾಗಿದ್ದರೂ ಅಷ್ಟೇ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಅಂತ ನಿಶ್ಚಿಂತೆಯಿಂದಿದ್ದೀಯ. ಆದರೆ ಬಾಡಿಗೆಯಂಥ ಬೇರೆ ಆದಾಯ ಮಿತಿ ದಾಟಿದರೆ, ಅದರ ತೆರಿಗೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಆಡಿಟರ್ ಹತ್ತಿರ ಇದೊಂದನ್ನು ಬಿಡಿಸಿ ಕೇಳು.

ಇಷ್ಟೆಲ್ಲ ಆದ ಮೇಲೆ ಕೊಳ್ಳಬೇಕೋ ಬೇಡವೋ? 80 ಲಕ್ಷದ ಮನೆಗೆ 25,000 ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ, ಅಂದರೆ ಶೇಕಡಾ ನಾಲ್ಕೂ ಇಲ್ಲ. ಬ್ಯಾಂಕಿನಲ್ಲಿಟ್ಟರೆ ಅದಕ್ಕಿಂತ ಹೆಚ್ಚು ಬರುತ್ತದೆ. ಬರೀ ಬಾಡಿಗೆಯ ಆಸೆಗೆ ಎರಡು ಕೊಳ್ಳಬೇಡ. ಮಗಳು ಮುಂದೆ ಅಲ್ಲಿ ಓದುತ್ತಾಳೆ, ಕೆಲಸಕ್ಕೂ ಸೇರಬಹುದು ಅಂದೆಯಲ್ಲ, ಅದಕ್ಕಾಗಿ ಒಂದು ತಗೋ. ನಿನ್ನ ಭಾವ ಮೈಸೂರಿನಲ್ಲೇ ಇದ್ದಾರೆ. ಎರಡನೆಯದು ಬೇಕೇ ಬೇಕು ಅನ್ನಿಸಿದರೆ ಅವರ ಮನೆಗೆ ಹತ್ತಿರದಲ್ಲಿ ನೋಡು, ಬಾಡಿಗೆ ಸ್ವಲ್ಪ ಕಮ್ಮಿಯಾದರೂ ಸರಿ.

ಬಿಲ್ಡರ್ ಕೊಟ್ಟ ಪತ್ರಗಳ ಪ್ರತಿ ನನಗೂ ಕಳಿಸು. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ, ಇ-ಖಾತಾ, ಋಣಭಾರ ಪತ್ರ, ಒ.ಸಿ. ಅಂದರೆ ಸ್ವಾಧೀನಾನುಭವ ಪತ್ರ, ಈ ನಾಲ್ಕೂ ಇರಲಿ. "ಒ.ಸಿ. ಇನ್ನೇನು ಬಂದುಬಿಡುತ್ತೆ" ಅಂದರೆ ಬರಲಿ ಅಂತ ಕಾಯಿ. ಬರುವ ವಾರ ಸೋಮವಾರಪೇಟೆಗೆ ಹೋಗುವುದಿದೆ, ಅಲ್ಲಿ ನಮ್ಮ ವಕೀಲರಿಗೆ ತೋರಿಸುತ್ತೇನೆ. ಅವರು ನೋಡಿ ಹೇಳುವವರೆಗೆ ಬುಕಿಂಗ್ ಚೆಕ್ಕಿಗೆ ಸಹಿ ಹಾಕಬೇಡ.

ನಿನ್ನ ಗೆಳೆಯ