ಮಗಳಿಗೊಂದು ಪತ್ರ: ದೀಪಾವಳಿಯ ಕಸೂತಿ ಸೀರೆ

ಚಿ. ಮಗಳಿಗೆ ಧಾರವಾಡದಿಂದ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ದೀಪಾವಳಿಗೆ ಉಡಲೆಂದು ನೀನು ಆರಿಸಿ ಕಳಿಸಿದ ಸೀರೆಯ ಚಿತ್ರವನ್ನು ನೋಡಿದೆ. ಬಣ್ಣ ಚೆನ್ನಾಗಿದೆ. ಆದರೆ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಹೊಲಿಗೆಗಳು ಒಂದಕ್ಕೊಂದು ಒತ್ತಿಕೊಂಡು ಬಣ್ಣ ಬಳಿದಂತೆ ಕಂಡವೇ ಹೊರತು, ಎಳೆ ಎಣಿಸಿ ಹಾಕಿದ ಗೆರೆ ಎಲ್ಲಿಯೂ ಕಾಣಲಿಲ್ಲ. ಅದು ಯಂತ್ರದ ಕೆಲಸ. ಕಚೇರಿಗೆ ಉಡಲು ಬೇಕಾದರೆ ಕೊಂಡುಕೋ, ನನ್ನದೇನೂ ಅಡ್ಡಿಯಿಲ್ಲ. ಹಬ್ಬಕ್ಕೆ ಕಸೂತಿಯೇ ಬೇಕೆಂದಿರುವೆಯಾದ್ದರಿಂದ, ಕೈಕಸೂತಿಯನ್ನು ಗುರುತಿಸುವುದು ಹೇಗೆಂದು ತಿಳಿದುಕೊಂಡ ಮೇಲೆಯೇ ಹಣ ಕೊಡು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹೊಲಿಯಬೇಕು, ದಾರಕ್ಕೆ ಗಂಟು ಹಾಕಬಾರದು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಇನ್ನೊಂದು ಹಾಕುತ್ತ ಸಾಗುತ್ತದೆ. ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಗೋಪುರದಂಥ ಆಕೃತಿ ಹಾಕುವಾಗ ಅದರ ಒಂದೊಂದು ಕವಲಿಗೂ ಹೊರಳಿ ಅದೇ ದಾರಿಯಲ್ಲಿ ಹಿಂದಿರುಗಬೇಕಾದುದರಿಂದ, ಹೊಲಿಯುವವಳು ಮೊದಲ ಹೊಲಿಗೆ ಹಾಕುವ ಹೊತ್ತಿಗೇ ಕೊನೆಯದರ ಲೆಕ್ಕವನ್ನೂ ಮನಸ್ಸಿನಲ್ಲಿ ಹಾಕಿರಬೇಕು. ಮುರಗಿ ಹೊಲಿಗೆಯೂ ಇದೇ ಕ್ರಮದ್ದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡೂ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ.

ಅಂಗಡಿಗಳಲ್ಲಿ ‘ಹಿಂಬದಿಯೂ ಮುಂಬದಿಯಂತೆಯೇ ಇದ್ದರೆ ಮಾತ್ರ ಅಸಲು’ ಎಂದು ಹೇಳುವುದನ್ನು ನೀನು ಕೇಳಿರಬಹುದು. ಆ ಮಾತು ಪೂರ್ತಿ ನಿಜವಲ್ಲ. ನೇಯ್ದಂತೆ ಕಾಣುವ ನೇಗಿಗೂ, ಅಡ್ಡಹಾಯ್ದ ಹೊಲಿಗೆಗಳಿಂದ ಆಕೃತಿಯ ಒಡಲು ತುಂಬುವ ಮೆಂತೆಗೂ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲು ಹೊಲಿಗೆ ಯಾವುದೆಂದು ನೋಡಿ, ಆಮೇಲೆ ಸೀರೆಯನ್ನು ತಿರುಗಿಸಿ ನೋಡು. ಯಂತ್ರದ ಕೆಲಸವಾದರೆ ಹಿಂದೆ ಬೇರೆಯೇ ದಾರವೊಂದು ಓಡಿರುವುದು ಕೂಡಲೇ ತಿಳಿಯುತ್ತದೆ. ಧಾರವಾಡ ಸೀಮೆಯ ಕಸೂತಿಗೆ ಜಿಐ, ಅಂದರೆ ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇರುವುದು ನಮಗೆಲ್ಲ ಹೆಮ್ಮೆಯೇ; ಆದರೆ ಹೆಸರಿಗೆ ಮಾನ್ಯತೆ ಬಂದ ಮಾತ್ರಕ್ಕೆ ಅಂಗಡಿಯ ಪ್ರತಿಯೊಂದು ಸೀರೆಯನ್ನೂ ಯಾರೂ ತಿರುಗಿಸಿ ನೋಡಿರುವುದಿಲ್ಲ.

ನಮ್ಮ ಕಡೆ ಮದುವೆಯ ಸೀರೆಗಳಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಯೂ ಒಂದಿರಬೇಕೆಂಬ ರೂಢಿಯಿತ್ತು. ಕೂಸುಗಳ ತಲೆಗೆ ಹಾಕುವ ಕುಂಚಿಗೆ, ಕುಲಾಯಿಗಳಿಗೂ ಕಸೂತಿ ಹಾಕುತ್ತಿದ್ದರು. ಇಳಕಲ್ ಸೀರೆಗೆ ಹಾಕುವಾಗ ಸೆರಗಿನ ಹತ್ತಿರ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆಯಂಥ ದೊಡ್ಡ ಆಕೃತಿಗಳು ಬರುತ್ತವೆ. ಸೆರಗಿನಿಂದ ದೂರ ಸರಿದಂತೆ ಅವು ಚಿಕ್ಕದಾಗುತ್ತ, ವಿರಳವಾಗುತ್ತ ಹೋಗುತ್ತವೆ. ಕೆಂಪು ರೇಷ್ಮೆಯ ಮೇಲೆ ತೋಪ ತೆನಿ ಎಂಬ ಬಿಳಿಯ ಗೋಪುರದಂಥ ವಿನ್ಯಾಸವಿರುವ ಇಳಕಲ್ ಸೆರಗು ತಾನೇ ಸಾಕಷ್ಟು ತುಂಬಿಕೊಂಡಿರುವುದರಿಂದ, ಮೈತುಂಬ ಕಸೂತಿ ಹಾಕಿಸಿದರೆ ಎರಡೂ ಕೆಡುತ್ತವೆ ಎಂಬುದು ನನ್ನ ಅಭಿಪ್ರಾಯ. ನಿನ್ನ ಅತ್ತೆ ಇದನ್ನು ಒಪ್ಪಲಿಕ್ಕಿಲ್ಲ. ಅವರಿಗೆ ಸೀರೆಯೆಂದರೆ ತುಂಬಿರಬೇಕು.

ಈಗ ಹಬ್ಬಕ್ಕೆ ನಿನಗೆಂದು ಮಾಡಿಸುವ ಇಳಕಲ್ ಸೀರೆಯ ಮಾತು. ಇಲ್ಲಿ ಮನೆಯಲ್ಲಿಯೇ ಕಸೂತಿ ಹಾಕಿಕೊಡುವ ಹೆಣ್ಣುಮಗಳೊಬ್ಬಳನ್ನು ವಿಚಾರಿಸಿದ್ದೇನೆ. ನುಣುಪಾದ ರೇಷ್ಮೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ತುಂಬ ಕಷ್ಟವಾದ್ದರಿಂದ ಆಕೆ ಸೀರೆಯ ಮೇಲೆ ಜಾಳು ಬಟ್ಟೆಯನ್ನಿಟ್ಟು ಹೊಲಿಯುತ್ತಾಳೆ. ಆಕೃತಿ ಮುಗಿದ ಮೇಲೆ ಆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಸೀರೆಯ ಮೇಲೆ ಕಸೂತಿಯಷ್ಟೇ ಉಳಿಯುತ್ತದೆ. ಇದನ್ನು ಮೋಸವೆಂದು ತಿಳಿಯಬೇಡ, ಎಣಿಕೆ ಅಲ್ಲಿಯೂ ತಪ್ಪಿದ್ದಲ್ಲ. ದೀಪಾವಳಿಯೊಳಗೆ ಸೆರಗಿನ ಪಕ್ಕದ ಸಾಲುಗಳನ್ನೂ ಕುಪ್ಪಸದ ತೋಳುಗಳನ್ನೂ ಮುಗಿಸಿಕೊಡಬಲ್ಲೆ, ಅದಕ್ಕಿಂತ ಹೆಚ್ಚಿಗೆ ಕೇಳಬೇಡಿರಿ ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದಾಳೆ. ಆಕೆ ಕೇಳಿದ ಮಜೂರಿಯಲ್ಲಿ ನಾನು ಚೌಕಾಶಿ ಮಾಡಿಲ್ಲ, ನೀನೂ ಮಾಡಬೇಡ. ಸೀರೆಯಂಗಡಿಯಲ್ಲಿ ಬೇಕಾದಷ್ಟು ಮಾಡೋಣ.

ಸೀರೆ ಕೈಗೆ ಬಂದ ಮೇಲೆ ಅದನ್ನು ಟ್ರಂಕಿನಲ್ಲಿ ಮುಚ್ಚಿಡಬೇಡ, ಹಬ್ಬಹಬ್ಬಕ್ಕೂ ಉಡು. ಬಣ್ಣದ ರೇಷ್ಮೆ ದಾರ ನೀರಿನಲ್ಲಿ ಬಣ್ಣ ಬಿಡಬಹುದಾದ್ದರಿಂದ ಬೇರೆ ಬಟ್ಟೆಗಳೊಂದಿಗೆ ನೆನೆಹಾಕಬೇಡ. ಇಸ್ತ್ರಿಯನ್ನು ಹಿಂಬದಿಯಿಂದಲೇ ಮಾಡಿಸು. ಮಡಿಕೆಯನ್ನು ಆಗಾಗ ಬದಲಿಸದಿದ್ದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ.

ಒಡಲಿಗೆ ಗಿರಿಕುಂಕುಮವೆಂಬ ಕೆಂಪು ಬೇಕೋ ಗಿಳಿಹಸಿರು ಬೇಕೋ, ಸೆರಗಿನ ಪಕ್ಕದಲ್ಲಿ ತೇರು ಬರಬೇಕೋ ತುಳಸಿಕಟ್ಟೆಯೋ ಎಂಬುದನ್ನು ಕುಪ್ಪಸದ ಅಳತೆಯೊಂದಿಗೆ ಈ ವಾರದಲ್ಲಿಯೇ ತಿಳಿಸು. ಬಣ್ಣ ಗೊತ್ತಾಗುವವರೆಗೆ ಆಕೆ ದಾರ ತರುವಂತಿಲ್ಲ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಅವ್ವ