ವಾರ್ಷಿಕೋತ್ಸವದ ಸ್ಟೇಜು ಯಾರಿಗೆಷ್ಟು? ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ವಾರ್ಷಿಕೋತ್ಸವದ ಐಟಂಗಳ ಪಟ್ಟಿ ಸಿದ್ಧವಾಗುತ್ತಿದೆ. ಎಲ್.ಪಿ. (ಕಿರಿಯ ಪ್ರಾಥಮಿಕ) ಮಕ್ಕಳ ಫ್ಯಾನ್ಸಿ ಡ್ರೆಸ್ಸಿನಲ್ಲಿ ಈ ಸಲ ಸ್ಪೈಡರ್‌ಮ್ಯಾನ್‌ಗಳದ್ದೇ ಕಾರುಬಾರು. ಮಹಿಷಾಸುರ ಒಬ್ಬನೇ ಇದ್ದಾನೆ, ಅವನೂ ಅಜ್ಜನ ಒತ್ತಾಯಕ್ಕೆ. ಯು.ಪಿ.ಯವರು (ಹಿರಿಯ ಪ್ರಾಥಮಿಕ) ಡ್ಯಾನ್ಸಿಗೆ ಆರಿಸಿದ್ದರಲ್ಲಿ ಇಂಗ್ಲಿಷ್ ಹಾಡುಗಳೇ ಜಾಸ್ತಿ, ಕೊರಿಯಾದ್ದೂ ಇದೆ.

ಪಿ.ಟಿ.ಎ. (ಪೋಷಕ-ಅಧ್ಯಾಪಕ ಸಂಘ) ಸಭೆಯಲ್ಲಿ ಇದರ ಮೇಲೆ ಜೋರು ಮಾತಾಯಿತು. ಕಾಸರಗೋಡಿನ ಕನ್ನಡ ಶಾಲೆಯ ಸ್ಟೇಜಿನಲ್ಲಿ ಇದೆಲ್ಲ ಬೇಡವೇ ಬೇಡ ಎಂದು ಕೆಲವರು. ಇಂಗ್ಲಿಷ್ ಐಟಂ ಇನ್ನೂ ಇರಲಿ, ಇಲ್ಲದಿದ್ದರೆ ಮುಂದಿನ ವರ್ಷ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ ಎಂದು ಇನ್ನು ಕೆಲವರು. ಅಧ್ಯಾಪಕರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಯಾವ ವೇಷಕ್ಕೂ, ಯಾವ ಹಾಡಿಗೂ ನಿಷೇಧ ಇಲ್ಲ. ಆದರೆ ಸ್ಟೇಜಿನ ಅರ್ಧ ಸಮಯ ನಮ್ಮ ಮಕ್ಕಳ ಮನೆಮಾತುಗಳಿಗೆ ಮೀಸಲು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಯಾವುದಾದರೂ ಸರಿ. ಉಳಿದರ್ಧ ಮಕ್ಕಳ ಇಷ್ಟ.

ಯಾಕೆ ಹೀಗೆ ಎಂದು ಕೇಳುತ್ತೀರಿ, ಗೊತ್ತು. ಸಭೆಯಲ್ಲಿ ಒಬ್ಬರು ಹೇಳಿದರು: "ಅವರದ್ದು ಚೆನ್ನಾಗಿದೆ ಟೀಚರ್, ಅದಕ್ಕೇ ಲೋಕವೆಲ್ಲ ನೋಡುತ್ತದೆ." ಚೆನ್ನಾಗಿರುವುದು ನಿಜ. ಸ್ಪೈಡರ್‌ಮ್ಯಾನ್ ನನಗೂ ಇಷ್ಟ. ಆದರೆ ಚೆನ್ನಾಗಿದ್ದ ಮಾತ್ರಕ್ಕೆ ಯಾವುದೂ ಊರೂರು ಮುಟ್ಟುವುದಿಲ್ಲ.

1914ಕ್ಕೆ ಮೊದಲು ಲೋಕದ ಸಿನಿಮಾ ವ್ಯಾಪಾರದಲ್ಲಿ ಮುಂದಿದ್ದದ್ದು ಅಮೆರಿಕ ಅಲ್ಲ, ಫ್ರಾನ್ಸ್. ಪಾಥೆ ಎಂಬ ಫ್ರೆಂಚ್ ಕಂಪನಿಯ ಚಿತ್ರಗಳು ಅಮೆರಿಕದಲ್ಲೂ ಚೆನ್ನಾಗಿ ಓಡುತ್ತಿದ್ದವು. ಮೊದಲ ಮಹಾಯುದ್ಧ ಬಂತು, ಯುರೋಪಿನ ಸ್ಟುಡಿಯೊಗಳ ಕೆಲಸ ಕೆಟ್ಟಿತು, ಅಮೆರಿಕದಲ್ಲಿ ಅದು ನಡೆಯುತ್ತಲೇ ಇತ್ತು. ಎರಡನೇ ಯುದ್ಧ ಮುಗಿದಾಗ ಫ್ರಾನ್ಸ್ ಸಾಲದಲ್ಲಿತ್ತು. 1946ರಲ್ಲಿ ಅಮೆರಿಕ ಹಳೆಯ ಸಾಲ ಮನ್ನಾ ಮಾಡಿ ಹೊಸ ಸಾಲ ಕೊಟ್ಟಿತು. ಅದರ ಜೊತೆಗೇ ಸಿನಿಮಾದ ಒಪ್ಪಂದವೂ ಆಯಿತು. ಪ್ರತಿ ಮೂರು ತಿಂಗಳಲ್ಲಿ ನಾಲ್ಕು ವಾರ ಫ್ರೆಂಚ್ ಸಿನಿಮಾ, ಉಳಿದ ವಾರಗಳಲ್ಲಿ ಯಾರದ್ದು ಬೇಕಾದರೂ ಓಡಲಿ ಅಂತ. ಯುದ್ಧದ ವರ್ಷಗಳಲ್ಲಿ ತಯಾರಾಗಿ ರಾಶಿ ಬಿದ್ದಿದ್ದ ಹಾಲಿವುಡ್ ಚಿತ್ರಗಳು ನುಗ್ಗಿದವು. ಅವುಗಳಿಗೆ ಹಾಕಿದ ಖರ್ಚು ಅಮೆರಿಕದ ಥಿಯೇಟರುಗಳಲ್ಲೇ ವಾಪಸ್ ಬಂದಿತ್ತು. ಹೊರಗೆ ಎಷ್ಟು ಕಡಿಮೆಗೆ ಕೊಟ್ಟರೂ ಲಾಭವೇ. ಅಂಥ ರೇಟಿನ ಎದುರು ಸಣ್ಣ ದೇಶದ ನಿರ್ಮಾಪಕ ಏನು ಮಾಡಿಯಾನು?

ಭಾಷೆಯ ದಾರಿಯನ್ನು ಬ್ರಿಟಿಷರು ಮೊದಲೇ ಮಾಡಿಟ್ಟಿದ್ದರು. ಅವರು ಆಳಿದಲ್ಲೆಲ್ಲ ಇಂಗ್ಲಿಷ್ ಕಲಿತವರಿದ್ದರು. ಬಿಬಿಸಿ 1932ರಲ್ಲೇ ಸಾಮ್ರಾಜ್ಯಕ್ಕೆ ಅಂತ ಬೇರೆಯೇ ರೇಡಿಯೊ ಸೇವೆ ಶುರು ಮಾಡಿತ್ತು. ಕೇಳುವವರು ಸಿದ್ಧ ಇದ್ದ ಕಡೆಗೆ ಹಾಡು ಸುಲಭದಲ್ಲಿ ಹೋಗುತ್ತದೆ, ಅಲ್ವಾ? ಹಾಗಾಗಿ ಉಳಿದವರೂ ಇಂಗ್ಲಿಷಿನಲ್ಲೇ ಹಾಡತೊಡಗಿದರು. ಸ್ವೀಡನ್ನಿನ ಅಬ್ಬಾ ತಂಡ 1974ರಲ್ಲಿ ಯುರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದು ಇಂಗ್ಲಿಷ್ ಹಾಡಿನಿಂದ. ನಮ್ಮ ಏಳನೇ ತರಗತಿಯವರ ಪ್ರಾಣವಾದ ಕೊರಿಯಾದ ಬಿಟಿಎಸ್ ತಂಡ 2020ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ (ಹಾಟ್ 100) ತುದಿಗೆ ಮೊದಲ ಸಲ ಏರಿದ್ದೂ ಇಂಗ್ಲಿಷ್ ಹಾಡಿನಲ್ಲೇ. ಅವರ ಕೊರಿಯನ್ ಹಾಡು ಆ ಜಾಗ ಮುಟ್ಟಿದ್ದು ಅದಾದ ಮೇಲೆ. ಇನ್ನು ಸ್ಪೈಡರ್‌ಮ್ಯಾನ್ ಸಿನಿಮಾ ಮಾಡುವ ಕಂಪನಿ ಜಪಾನಿನ ಸೋನಿಯ ಕೈಯಲ್ಲಿದೆ. ದುಡ್ಡು ಜಪಾನಿನವರದ್ದಾದರೂ ಹುಡುಗ ನ್ಯೂಯಾರ್ಕಿನವನೇ, ಮಾತು ಇಂಗ್ಲಿಷೇ. ನನಗೆ ಇದರಲ್ಲಿ ತುಂಬ ಸೋಜಿಗ ಅನಿಸುವುದು ಈ ಭಾಗ.

ಬೇಡ ಎನ್ನುವವರು ಕೆನಡಾವನ್ನು ನೋಡಿ. ಅಲ್ಲಿ ಹೆಚ್ಚಿನವರು ಮಾತಾಡುವುದೇ ಇಂಗ್ಲಿಷ್. ಆದರೂ ಪಕ್ಕದ ಅಮೆರಿಕದ ಹಾಡುಗಳ ನಡುವೆ ತಮ್ಮವು ಕಾಣೆಯಾಗುತ್ತವೆ ಎಂಬ ಹೆದರಿಕೆ. 1971ರಲ್ಲಿ ರೇಡಿಯೊದಲ್ಲಿ ಶೇಕಡ 30ರಷ್ಟು ಕೆನಡಾದ ಹಾಡು ಇರಬೇಕು ಎಂದು ನಿಯಮ ಮಾಡಿದರು. ಫ್ರಾನ್ಸ್ 1994ರಲ್ಲಿ ಫ್ರೆಂಚ್ ಹಾಡಿಗೆ ಶೇಕಡ 40 ಇಟ್ಟಿತು. ಕೊರಿಯಾದ ಥಿಯೇಟರುಗಳು ಬಹಳ ಕಾಲ ವರ್ಷಕ್ಕೆ 146 ದಿನ ಸ್ವಂತ ಸಿನಿಮಾ ಓಡಿಸಬೇಕಿತ್ತು. 2006ರಲ್ಲಿ ಅದು 73ಕ್ಕೆ ಇಳಿಯಿತು. ಅಷ್ಟರಲ್ಲಿ ಅಲ್ಲಿಯ ಸಿನಿಮಾ ತನ್ನ ಕಾಲ ಮೇಲೆ ನಿಂತಾಗಿತ್ತು. ನಿಯಮ ಒಂದರಿಂದಲೇ ಅಲ್ಲ. ದುಡ್ಡು ಹಾಕಿದರು, ಸಿನಿಮಾ ಕಲಿಸುವ ಶಾಲೆ ಕಟ್ಟಿದರು. ಇವರಲ್ಲಿ ಯಾರೂ ಅಮೆರಿಕದ ಹಾಡು, ಸಿನಿಮಾಕ್ಕೆ ಬಾಗಿಲು ಹಾಕಲಿಲ್ಲ ಎಂಬುದನ್ನು ಗಮನಿಸಿ.

ಅಷ್ಟು ದೂರ ಯಾಕೆ? ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಒಂದು ಸ್ಪರ್ಧೆ ಇದೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮ್ಮ ಹತ್ತಿರವೇ ಇರಬಹುದು. ಆದರೂ ಆ ಸ್ಪರ್ಧೆ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟು ಶಾಲೆಗಳಲ್ಲಿ ಚೆಂಡೆಯ ಸದ್ದು ಕೇಳುತ್ತಿತ್ತೋ, ನನಗೆ ಅನುಮಾನ. ಜಾಗ ಇಟ್ಟರೆ ಕಲಿಯುವವರು ಬರುತ್ತಾರೆ.

ಅರ್ಧ ಸಮಯ ಕನ್ನಡಕ್ಕೆ ಮಾತ್ರ ಯಾಕಿಲ್ಲ ಎಂದು ಒಬ್ಬ ಹಿರಿಯರು ಫೋನ್ ಮಾಡಿ ಬೇಸರಿಸಿಕೊಂಡರು. 1956ರಲ್ಲಿ ನಮ್ಮ ಈ ಮಣ್ಣು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಶಾಲೆ ಉಳಿಸಲು ಪಟ್ಟ ಪಾಡು ಅವರಿಗೆ ಗೊತ್ತು. ಅವರ ನೋವು ನನ್ನದೂ ಹೌದು. ಆದರೆ ನಮ್ಮ ಅಂಗಳದಲ್ಲಿ ಬ್ಯಾರಿ ಮಾತಾಡುವ ಹುಡುಗಿಗೆ ಕನ್ನಡವೇ ದೊಡ್ಡ ಭಾಷೆ. ಇಂಗ್ಲಿಷಿನ ಎದುರು ನಾವು ಕೇಳುವ ಜಾಗವನ್ನು ಅವಳಿಗೂ ಕೊಡಬೇಕಲ್ಲವೇ?

ಇನ್ನು ಕೆಲಸದ ಮಾತು. ಶನಿವಾರ ಬೆಳಿಗ್ಗೆ ಯಕ್ಷಗಾನದ ತರಗತಿ ಮುಂದುವರಿಯುತ್ತದೆ, ಹುಡುಗಿಯರೂ ಬರಲಿ. ನಿಮ್ಮ ಮನೆಯಲ್ಲಿ ತುಳು ಪಾಡ್ದನ ಹೇಳುವ ಅಜ್ಜಿ, ಮುಸ್ಲಿಂ ಮದುವೆಮನೆಯ ಒಪ್ಪನ ಹಾಡುವ ಅತ್ತೆ, ಕೊಂಕಣಿ ಹಾಡು ಗೊತ್ತಿರುವ ಚಿಕ್ಕಮ್ಮ ಇದ್ದರೆ ಮಕ್ಕಳಿಗೆ ಕಲಿಸಲು ಕಳಿಸಿಕೊಡಿ. ಸಂಕೋಚ ಬೇಡ, ಬಸ್ಸಿನ ಖರ್ಚು ಪಿ.ಟಿ.ಎ. ಕೊಡುತ್ತದೆ. ಇಂಗ್ಲಿಷ್ ಅಥವಾ ಕೊರಿಯನ್ ಹಾಡಿಗೆ ಕುಣಿಯುವ ಮಕ್ಕಳು ಆ ಹಾಡು ಯಾವ ಊರಿನದ್ದು, ಯಾರು ಮಾಡಿದ್ದು, ನಮ್ಮ ತನಕ ಹೇಗೆ ಬಂತು ಎಂದು ಸ್ಟೇಜಿನಲ್ಲಿ ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕು. ಹುಡುಕಲು ಲೈಬ್ರರಿಯ ಕಂಪ್ಯೂಟರ್ ಇದೆ. ನೀವು ಬರೆದುಕೊಡಬೇಡಿ.

ವೇಷಕ್ಕೆ ಸುಮ್ನೆ ಸಾವಿರಾರು ರೂಪಾಯಿ ಖರ್ಚು ಮಾಡಬೇಡಿ. ಸ್ಪೈಡರ್‌ಮ್ಯಾನ್ ಮುಖವಾಡಕ್ಕೆ ಮೂಗಿನ ಹತ್ತಿರ ತೂತು ದೊಡ್ಡದಿರಲಿ, ಶಾಮಿಯಾನದ ಅಡಿ ವಿಪರೀತ ಸೆಖೆ. ಐಟಂ ಬದಲಿಸುವವರು ಈ ಶುಕ್ರವಾರದೊಳಗೆ ಕ್ಲಾಸ್ ಟೀಚರ್ ಹತ್ತಿರ ಹೆಸರು ಕೊಡಿ. ಮಹಿಷಾಸುರನಿಗೆ ಜೊತೆಯಾಗಿ ಒಬ್ಬಳು ದೇವಿ ಬೇಕಾಗಿದ್ದಾಳೆ, ಯಾರಾದರೂ ಇದ್ದರೆ ಬೇಗ ತಿಳಿಸಿ.

ಇಂತು ನಿಮ್ಮ,
ಮುಖ್ಯೋಪಾಧ್ಯಾಯಿನಿ