ಯಾವ ದ್ವೀಪ ಎಂದು ಕೇಳಿದ ಮಗಳಿಗೆ

ಮೂಡಿಗೆರೆ,
ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಗ್ಲಾಸ್ಗೋ ಬಿಟ್ಟು ಸ್ಕಾಟ್ಲೆಂಡಿನ ಯಾವುದಾದರೊಂದು ಚಿಕ್ಕ ದ್ವೀಪದಲ್ಲಿ ನೆಲೆಸಬೇಕೆಂದು ನೀನೂ ಅಳಿಯಂದಿರೂ ನಿಶ್ಚಯಿಸಿರುವುದನ್ನು, ಅದಕ್ಕಾಗಿ ಎಗ್, ರಮ್, ಫೇರ್ ಐಲ್, ವೆಸ್ಟ್ರೇ, ಬಾರಾ ಎಂಬ ಐದು ಹೆಸರುಗಳನ್ನು ಗುರುತು ಹಾಕಿಕೊಂಡಿರುವುದನ್ನು ನಿನ್ನ ಪತ್ರದಿಂದ ತಿಳಿದೆ. ಅಮ್ಮ ಬೇಡವೆನ್ನುತ್ತಾಳೆಂಬ ಅಳುಕು ನಿನಗಿರುವುದು ಬರವಣಿಗೆಯ ಧಾಟಿಯಲ್ಲೇ ಕಾಣುತ್ತಿತ್ತು. ನಾನು ಹಾಗೆನ್ನುವುದಿಲ್ಲ. ಹಾಸನದ ಪೇಟೆಬೀದಿಯಲ್ಲಿ ಬೆಳೆದು, ಮದುವೆಯಾಗಿ ಈ ತೋಟದ ಮನೆಗೆ ಬಂದವಳು ನಾನು. ಪಕ್ಕದ ಮನೆಯ ದೀಪ ಕಾಣದ ಜಾಗದಲ್ಲಿ ಸಂಸಾರ ಮಾಡುವುದು ಹೇಗೆಂಬುದು ನನಗೆ ಗೊತ್ತು. ಹೋಗಬೇಕೇ ಬೇಡವೇ ಎಂದು ನೀನು ಕೇಳಿಲ್ಲ, ಯಾವುದಕ್ಕೆ ಹೋಗಬೇಕೆಂದು ಕೇಳಿದ್ದೀಯ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿದ ಅಭ್ಯಾಸ ಬಿಡದು. ನಕ್ಷೆ ಹರಡಿಕೊಂಡು ಒಂದೊಂದನ್ನೂ ಓದಿ ನೋಡಿದ್ದೇನೆ.

ನೀವು ಈ ಊರುಗಳನ್ನು ಕಡಲತೀರ, ಬಾಡಿಗೆ ಮತ್ತು ಇಂಟರ್‌ನೆಟ್ ಎಂಬ ಮೂರು ಅಂಶಗಳ ಮೇಲೆ ಅಳೆದಿದ್ದೀರಿ. ಅಳಿಯಂದಿರು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಾದ್ದರಿಂದ ಕೊನೆಯದು ಮುಖ್ಯವೇ. ಆದರೆ ನಾನಾಗಿದ್ದರೆ ಮೊದಲು ಬೇರೆಯದೇ ಒಂದು ಪ್ರಶ್ನೆ ಕೇಳುತ್ತಿದ್ದೆ: ಓದಿನ ಸಲುವಾಗಿ ಮಗು ಎಷ್ಟನೆಯ ವಯಸ್ಸಿಗೆ ಮನೆ ಬಿಡಬೇಕಾಗುತ್ತದೆ? ನಿನ್ನ ಪತ್ರದಲ್ಲಿ ಶಾಲೆಯ ವಿಚಾರ ಒಂದೇ ಸಾಲಿನಲ್ಲಿ ಮುಗಿದಿದೆ, "ಎಲ್ಲ ಕಡೆಯೂ ಶಾಲೆಯಿದೆ" ಎಂದು. ಇರುವುದು ನಿಜ, ಆದರೆ ಬಹುಪಾಲು ಕಡೆ ಪ್ರಾಥಮಿಕ ಶಾಲೆ ಮಾತ್ರ. ಅಲ್ಲಿಯ ಪದ್ಧತಿಯಂತೆ ಏಳು ವರ್ಷದ ಪ್ರಾಥಮಿಕ ಶಾಲೆ ಮುಗಿಯುವಾಗ ಮಗುವಿಗೆ ಹನ್ನೆರಡರ ಆಸುಪಾಸು. ದೊಡ್ಡವಳಿಗೆ ಈಗಾಗಲೇ ಹತ್ತು ತುಂಬಿದೆ. ನೀವು ಸಾಮಾನು ಇಳಿಸಿ, ಪರದೆ ಕಟ್ಟಿ, ಊರಿನವರ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅವಳು ಪೆಟ್ಟಿಗೆ ಕಟ್ಟಬೇಕು. ನಮ್ಮ ಕಡೆಯ ಮಕ್ಕಳಿಗೆ ಹಾಸ್ಟೆಲ್ ಹೊಸತಲ್ಲ. ಹೈಸ್ಕೂಲಿಗೆ ನಿನ್ನನ್ನೂ ಹಾಸನಕ್ಕೆ ಕಳಿಸಿದೆವು, ಓದಿ ಗಟ್ಟಿಯಾದೆ. ಆದರೆ ನೀನು ಹುಟ್ಟಿದ ಊರಿನಿಂದ ಹೋಗಿದ್ದೆ, ರಜೆಗೆ ಬಂದರೆ ಎಲ್ಲವೂ ನಿನ್ನದಾಗಿತ್ತು. ಇನ್ನೂ ತನ್ನದಾಗದ ಊರಿನಿಂದ ಮತ್ತೊಂದು ಅಪರಿಚಿತ ಊರಿಗೆ ಹೋಗುವ ಹುಡುಗಿಯ ಸ್ಥಿತಿ ಬೇರೆ.

ಎಗ್ ದ್ವೀಪದ ಮೇಲೆ ನಿನಗಿರುವ ಒಲವು ಅರ್ಥವಾಗುತ್ತದೆ. 1997ರಲ್ಲಿ ಅಲ್ಲಿಯ ನಿವಾಸಿಗಳು ಸ್ಥಳೀಯ ಆಡಳಿತವಾದ ಹೈಲ್ಯಾಂಡ್ ಕೌನ್ಸಿಲ್ ಮತ್ತು ಒಂದು ವನ್ಯಜೀವಿ ಸಂಸ್ಥೆಯ ಜೊತೆ ಸೇರಿ ಟ್ರಸ್ಟ್ ಮಾಡಿಕೊಂಡು, ತಲೆಮಾರುಗಳಿಂದ ಒಬ್ಬ ಒಡೆಯನ ಕೈಯಿಂದ ಇನ್ನೊಬ್ಬನ ಕೈಗೆ ಮಾರಾಟವಾಗುತ್ತಿದ್ದ ದ್ವೀಪವನ್ನು ತಾವೇ ಕೊಂಡುಕೊಂಡ ಕಥೆ ಯಾರಿಗಾದರೂ ಹಿಡಿಸುವಂಥದು. 2008ರವರೆಗೆ ಮನೆಮನೆಯಲ್ಲೂ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದವರು, ಆಮೇಲೆ ನೀರು, ಗಾಳಿ, ಬಿಸಿಲು ಮೂರರಿಂದಲೂ ವಿದ್ಯುತ್ ತೆಗೆದು, ಮುಖ್ಯನೆಲದ ತಂತಿಯ ಹಂಗಿಲ್ಲದೆ ತಮ್ಮದೇ ಜಾಲ ನಡೆಸುತ್ತಿದ್ದಾರೆ. ಒಂದು ಮನೆ ಒಮ್ಮೆಗೆ 5 ಕಿಲೋವಾಟ್ ಮೀರಿ ಎಳೆಯುವಂತಿಲ್ಲ ಎಂಬುದು ಅವರೇ ಹಾಕಿಕೊಂಡ ಕಟ್ಟಳೆ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿದಾಗ, ಗೀಸರ್, ಗ್ರೈಂಡರ್, ವಾಷಿಂಗ್ ಮಷೀನ್ ಮೂರನ್ನೂ ಒಟ್ಟಿಗೆ ಹಾಕುವ ನಿನ್ನ ಅಭ್ಯಾಸ ನೆನೆದು ನಕ್ಕರು. ಇಷ್ಟೆಲ್ಲ ಇದ್ದರೂ ಎಗ್‌ನಲ್ಲಿರುವ ಶಾಲೆ ಪ್ರಾಥಮಿಕದ್ದು. ಹೈಸ್ಕೂಲಿಗೆ ದೋಣಿಯಲ್ಲಿ ಮುಖ್ಯನೆಲದ ಮ್ಯಾಲೆಗ್ ಊರಿಗೆ ಹೋಗಿ, ವಾರವೆಲ್ಲ ಹಾಸ್ಟೆಲಿನಲ್ಲಿದ್ದು, ವಾರಾಂತ್ಯಕ್ಕೆ ಬರಬೇಕು. ಅದೂ ಸಮುದ್ರ ದಾಟಲು ಬಿಟ್ಟರೆ. ಚಿಕ್ಕವನೊಬ್ಬನೇ ಇದ್ದಿದ್ದರೆ ನಾನು ಎಗ್ ಎಂದೇ ಬರೆಯುತ್ತಿದ್ದೆನೇನೋ.

ರಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದ್ವೀಪದ ಹೆಚ್ಚಿನ ಭಾಗ ಸಂರಕ್ಷಿತ ಅರಣ್ಯದಂತೆ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ಅಲ್ಲಿಯ ಕೆಂಪು ಜಿಂಕೆಗಳ ಅಧ್ಯಯನ 1953ರಿಂದ ನಡೆದಿದೆ. 2020ರಲ್ಲಿ ನಾಲ್ಕು ಹೊಸ ಮನೆ ಕಟ್ಟಿ ಮಕ್ಕಳೊಂದಿಗರನ್ನು ಕರೆದಾಗ ಜಗತ್ತಿನ ಮೂಲೆಮೂಲೆಗಳಿಂದ ಅರ್ಜಿ ಬಂದವಂತೆ. ಒಂದೆರಡು ಸಂಸಾರ ಊರು ಬಿಟ್ಟರೆ ಶಾಲೆಯೇ ಬರಿದಾಗುವ ಜಾಗವದು. ಜಿಂಕೆಯ ಮೇಲೆ ಪಿಎಚ್.ಡಿ. ಮಾಡುವವರಿಗೆ ಸರಿ.

ಫೇರ್ ಐಲ್ ಉತ್ತರದ ಆರ್ಕ್ನಿ, ಶೆಟ್ಲೆಂಡ್ ಎಂಬ ಎರಡು ದ್ವೀಪಸಮೂಹಗಳ ನಡುವೆ ಒಂಟಿಯಾಗಿ ನಿಂತಿದೆ. ಇರುವವರು ಐವತ್ತರ ಆಸುಪಾಸು. ಇಪ್ಪತ್ತನಾಲ್ಕು ಗಂಟೆಯೂ ವಿದ್ಯುತ್ ಬಂದದ್ದು 2018ರಲ್ಲಿ. ಸ್ವೆಟರ್ ಹೆಣಿಗೆಗೆ ಲೋಕಪ್ರಸಿದ್ಧವಾದ ಊರು, ಹಕ್ಕಿ ನೋಡುವವರ ಸ್ವರ್ಗ, ಎಲ್ಲವೂ ನಿಜ. ಆದರೆ ಹೈಸ್ಕೂಲು ಶೆಟ್ಲೆಂಡಿನ ಲರ್ವಿಕ್ ಪಟ್ಟಣದಲ್ಲಿ, ಅಲ್ಲಿಂದ ಮಕ್ಕಳು ವಾರವಾರ ಮನೆಗೆ ಬರುವುದು ಎಣಿಕೆಯಲ್ಲೇ ಇಲ್ಲ. ಇದನ್ನು ಪಟ್ಟಿಯಿಂದ ಹೊಡೆದು ಹಾಕು.

ಉಳಿದವು ವೆಸ್ಟ್ರೇ ಮತ್ತು ಬಾರಾ. ಆರ್ಕ್ನಿಯ ವೆಸ್ಟ್ರೇಯಲ್ಲಿ ಸುಮಾರು ಆರುನೂರು ಜನ. ದನ ಸಾಕಣೆ, ಏಡಿ ಮೀನುಗಾರಿಕೆ, ಊರಿನವರದೇ ಒಂದು ಗಾಳಿಯಂತ್ರ. ದುಡಿದು ಉಣ್ಣುವ ಊರು, ಬರೀ ಪ್ರವಾಸಿಗರನ್ನು ನಂಬಿಕೊಂಡದ್ದಲ್ಲ. ಪಕ್ಕದ ಪಾಪಾ ವೆಸ್ಟ್ರೇಗೆ ಎರಡು ನಿಮಿಷದೊಳಗೆ ಮುಗಿಯುವ ವಿಮಾನಯಾನವಿದೆ, ಜಗತ್ತಿನ ನಿಗದಿತ ವಿಮಾನ ಸೇವೆಗಳಲ್ಲೇ ಅತಿ ಚಿಕ್ಕದು. ಇದಕ್ಕಾಗಿಯೇ ಚಿಕ್ಕವನು ಅಲ್ಲಿಗೆ ಹೋಗೋಣವೆನ್ನುತ್ತಿರುವುದು ನನಗೆ ಗೊತ್ತು. ನನಗೆ ಮುಖ್ಯವಾದದ್ದೇನೆಂದರೆ, ವೆಸ್ಟ್ರೇಯ ಶಾಲೆ ಹೈಸ್ಕೂಲಿನ ನಾಲ್ಕನೆಯ ವರ್ಷದವರೆಗೂ, ಅಂದರೆ ಹದಿನಾರರ ತನಕ, ಮಕ್ಕಳನ್ನು ಊರಲ್ಲೇ ಇಟ್ಟುಕೊಳ್ಳುತ್ತದೆ. ಮುಂದೆ ಓದುವವರು ಕರ್ಕ್‌ವಾಲ್ ಪಟ್ಟಣದ ಹಾಸ್ಟೆಲ್ ಸೇರುತ್ತಾರೆ. ಹನ್ನೆರಡಕ್ಕೂ ಹದಿನಾರಕ್ಕೂ ಇರುವ ಅಂತರವನ್ನು ಇಬ್ಬರು ಮಕ್ಕಳ ತಾಯಿಗೆ ನಾನು ವಿವರಿಸಬೇಕಿಲ್ಲ.

ಆದರೂ ನನ್ನ ಮನಸ್ಸು ಬಾರಾ ಕಡೆಗೆ ವಾಲಿದೆ. ಸಾವಿರದ ಇನ್ನೂರರ ಹತ್ತಿರ ಜನಸಂಖ್ಯೆಯಿರುವ ಈ ದ್ವೀಪದ ಕ್ಯಾಸಲ್‌ಬೇ ಊರಿನಲ್ಲಿ ಶಿಶುವಿಹಾರದಿಂದ ಹಿಡಿದು ಹದಿನೆಂಟು ವರ್ಷದವರೆಗೂ ಒಂದೇ ಶಾಲೆ. ನಿನ್ನ ಪಟ್ಟಿಯಲ್ಲಿ ದೊಡ್ಡವಳನ್ನು ಶಾಲೆಯ ಓದು ಮುಗಿಯುವವರೆಗೂ ಮನೆಯಲ್ಲೇ ಇಟ್ಟುಕೊಳ್ಳಬಹುದಾದ ದ್ವೀಪ ಇದೊಂದೇ. ಚಿಕ್ಕ ಆಸ್ಪತ್ರೆಯಿದೆ, ನಿನ್ನಂಥ ನರ್ಸ್‌ಗೆ ಕೆಲಸ ಖಾಲಿಯಿದೆಯೇ ಎಂದು ಅಲ್ಲೇ ವಿಚಾರಿಸು. ಕಾಯಿಲೆ ಕೈಮೀರಿದರೆ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣಕ್ಕೋ ಗ್ಲಾಸ್ಗೋಗೋ ವಿಮಾನದಲ್ಲಿ ಸಾಗಿಸುತ್ತಾರೆ. ಅಂದ ಹಾಗೆ ಬಾರಾದ ವಿಮಾನ ನಿಲ್ದಾಣವೇ ಸಮುದ್ರದ ದಡ. ನೀರು ಇಳಿದಾಗ ಮರಳ ಮೇಲೆ ಗ್ಲಾಸ್ಗೋದ ಪುಟ್ಟ ವಿಮಾನ ಬಂದಿಳಿಯುತ್ತದೆ, ಅದರ ವೇಳಾಪಟ್ಟಿ ಉಬ್ಬರವಿಳಿತ ಹೇಳಿದಂತೆ ಬದಲಾಗುತ್ತದೆ. ಚಿಕ್ಕವನನ್ನು ಒಪ್ಪಿಸಲು ಇದು ಸಾಕೆಂದು ತೋರುತ್ತದೆ. ಹಡಗಿನಲ್ಲಾದರೆ ಮುಖ್ಯನೆಲದ ಓಬನ್ ಬಂದರಿನಿಂದ ಐದು ಗಂಟೆಯಷ್ಟು ಪಯಣ.

ಅಲ್ಲಿ ಇನ್ನೊಂದು ವಿಷಯವಿದೆ. ಪಶ್ಚಿಮದ ಆ ದ್ವೀಪಗಳಲ್ಲಿ ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್ ಇಂದಿಗೂ ಹಲವರ ಮನೆಮಾತು, ಆದರೆ ಪ್ರತಿ ತಲೆಮಾರಿನಲ್ಲೂ ಕ್ಷೀಣಿಸುತ್ತಿರುವ ಮಾತು. ತಂದೆತಾಯಿ ಇಂಗ್ಲಿಷೇ ಬೇಕೆಂದು ಕೇಳದಿದ್ದರೆ ಒಂದನೆಯ ತರಗತಿಯ ಮಕ್ಕಳನ್ನು ಗೇಲಿಕ್ ಮಾಧ್ಯಮಕ್ಕೇ ಸೇರಿಸುವ ನೀತಿಯನ್ನು ಅಲ್ಲಿಯ ಕೌನ್ಸಿಲ್ 2020ರಲ್ಲಿ ತಂದಿತು. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಜಗಳವನ್ನು ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಕೇಳಿ ಕೇಳಿ ನಿವೃತ್ತಳಾದ ನನಗೆ ಇದನ್ನು ಓದಿ ಅಸೂಯೆಯೇ ಆಯಿತು. ಚಿಕ್ಕವನು ಗೇಲಿಕ್‌ನಲ್ಲಿ ಕಲಿತರೆ ಕನ್ನಡಕ್ಕೆ ಕುತ್ತಾಗುತ್ತದೆಂದು ನೀನು ಹೆದರಬೇಡ. ಅಜ್ಜಿಯೊಂದಿಗೆ ಫೋನಿನಲ್ಲಿ ಬೇರೆ ಭಾಷೆಯಾಡುವ ಮಗುವನ್ನು ಗ್ಲಾಸ್ಗೋದ ಸಹಪಾಠಿಗಳು ಬೆರಗಿನಿಂದ ನೋಡುತ್ತಾರೆಂದು ಬರೆದಿದ್ದೆ. ಬಾರಾದಲ್ಲಿ ಹಾಗೆ ನೋಡುವವರು ಕಡಿಮೆ. ಆದರೆ ದೊಡ್ಡವಳು ನಡುವಿನ ತರಗತಿಗೆ ಸೇರುವವಳು, ಅವಳಿಗೆ ಇಂಗ್ಲಿಷ್ ಮಾಧ್ಯಮದಲ್ಲೇ ಮುಂದುವರಿಯುವ ಅವಕಾಶವನ್ನು ಶಾಲೆಯಿಂದ ಬರಹದಲ್ಲಿ ಕೇಳಿ ತಿಳಿದುಕೋ. ಭಾನುವಾರದ ಕಟ್ಟುನಿಟ್ಟಿನ ಬಗ್ಗೆ ಅಳಿಯಂದಿರು ಕೇಳಿದ್ದರಲ್ಲ, ಅದು ಉತ್ತರದ ಲೂಯಿಸ್ ದ್ವೀಪದ ಮಾತು. ಅಲ್ಲಿ ಭಾನುವಾರ ಸ್ಟಾರ್ನೊವೇಯಿಂದ ಹಡಗು ಹೊರಟಿದ್ದೇ 2009ರಲ್ಲಿ. ಬಾರಾ ಕ್ಯಾಥೊಲಿಕ್ ಊರು, ಅಂಥ ಬಿಗಿಯಿಲ್ಲ.

ಮನೆಯ ವಿಚಾರವೇ ಎಲ್ಲಕ್ಕಿಂತ ಕಷ್ಟ. ದ್ವೀಪಗಳಲ್ಲಿ ಜನ ಕಡಿಮೆಯಿದ್ದರೂ ಬಾಡಿಗೆ ಮನೆ ಸಿಗುವುದಿಲ್ಲ, ಏಕೆಂದರೆ ಒಳ್ಳೆಯ ಮನೆಗಳೆಲ್ಲ ರಜೆಗೆ ಬರುವವರ ಪಾಲಾಗಿವೆ. ನಮ್ಮ ಸುತ್ತಲೂ ಹಳೆಯ ತೋಟದ ಮನೆಗಳು ಹೋಂಸ್ಟೇಗಳಾಗಿ, ಶನಿವಾರ ಜಾತ್ರೆ, ಸೋಮವಾರ ಬೀಗ ಎಂಬಂತಾದದ್ದನ್ನು ನೋಡಿರುವ ನಿನಗೆ ಇದು ಬೇಗ ತಿಳಿಯುತ್ತದೆ. ದ್ವೀಪಗಳಿಗೆ ಬಂದು ನೆಲೆಸುವವರಿಗೆ 50,000 ಪೌಂಡ್‌ವರೆಗೆ ಕೊಡುವ ಯೋಜನೆಯೊಂದನ್ನು ಸ್ಕಾಟ್ಲೆಂಡ್ ಸರ್ಕಾರ 2021ರಲ್ಲಿ ಮುಂದಿಟ್ಟು, ಮರುವರ್ಷವೇ ಕೈಬಿಟ್ಟಿತು. ಹಣ ಹಂಚುವ ಬದಲು ಮನೆ, ಹಡಗುಗಳ ವ್ಯವಸ್ಥೆ ನೋಡಿ ಎಂಬುದು ದ್ವೀಪವಾಸಿಗಳಲ್ಲಿ ಅನೇಕರ ಅಭಿಪ್ರಾಯವಾಗಿತ್ತು. ಆದ್ದರಿಂದ ಆ ಹಣದ ಸುದ್ದಿಯನ್ನು ಯಾರಾದರೂ ಈಗಲೂ ಹೇಳಿದರೆ ನಂಬಬೇಡಿ. ಮನೆಯ ಜೊತೆ ಸ್ವಲ್ಪ ನೆಲವೂ ಬರುವ 'ಕ್ರಾಫ್ಟ್' ಹಿಡುವಳಿಯನ್ನು ಪಡೆಯುವ ಆಸೆ ಅಳಿಯಂದಿರಿಗಿದೆ ಎಂದು ತಿಳಿಯಿತು. ಅದಕ್ಕೆ ಕಾನೂನಿನ ಕಟ್ಟು ಇದೆ: ಹಿಡುವಳಿಯಿಂದ 32 ಕಿಲೋಮೀಟರ್ ಒಳಗೇ ವಾಸಿಸಬೇಕು, ನೆಲವನ್ನು ಪಾಳು ಬಿಡದೆ ಬೇಸಾಯವನ್ನೋ ಬೇರೊಂದು ಉಪಯುಕ್ತ ಕೆಲಸವನ್ನೋ ಮಾಡಬೇಕು. ನಿಮ್ಮಪ್ಪನಿಗೆ ಈ ಕಾನೂನು ಬಹಳ ಹಿಡಿಸಿದೆ, ನಮ್ಮ ತಾಲ್ಲೂಕಿಗೂ ಬೇಕಿತ್ತು ಎನ್ನುತ್ತಿದ್ದಾರೆ. ಆದರೆ ಗುದ್ದಲಿ ಹಿಡಿದು ಗೊತ್ತಿಲ್ಲದ ಅಳಿಯಂದಿರು ಮೊದಲ ವರ್ಷವೇ ಕುರಿ ಸಾಕಲು ಹೊರಡುವುದು ಬೇಡ. ಬಾಡಿಗೆಗೆ ಇದ್ದು ನೋಡಲಿ.

ಹಡಗಿನ ಮೇಲೆ ಪೂರ್ತಿ ಭರವಸೆ ಇಡಬೇಡಿ. ಪಶ್ಚಿಮ ತೀರದ ಹಡಗುಗಳಲ್ಲಿ ಹಲವು ಹಳೆಯವು. ಆರನ್ ದ್ವೀಪಕ್ಕೆಂದು 2018ರಲ್ಲಿ ಬರಬೇಕಿದ್ದ ಹೊಸ ಹಡಗು ಓಡಲಾರಂಭಿಸಿದ್ದು 2025ರ ಜನವರಿಯಲ್ಲಿ. ಒಂದು ಹಡಗು ಕೆಟ್ಟರೆ ಮತ್ತೊಂದು ದ್ವೀಪದ ಹಡಗನ್ನು ಅಲ್ಲಿಗೆ ಕಳಿಸುತ್ತಾರೆ, ಕಷ್ಟ ಊರಿಂದೂರಿಗೆ ಸಾಗುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದಾಗ ನಾವು ಮನೆಯಲ್ಲಿದ್ದ ಅಕ್ಕಿ, ಬೇಳೆ, ಔಷಧಿಗಳಲ್ಲೇ ನಿಭಾಯಿಸಿದೆವು. ಅಲ್ಲಿ ಚಳಿಗಾಲದುದ್ದಕ್ಕೂ ಆ ಸಿದ್ಧತೆ ಬೇಕು. ರಾಗಿಹಿಟ್ಟು, ಹುಣಸೆಹಣ್ಣು ಗ್ಲಾಸ್ಗೋದಿಂದ ತರಿಸಬಹುದು, ಆದರೆ ದ್ವೀಪವೆಂದರೆ ಅನೇಕ ಕೊರಿಯರ್‌ಗಳು ಹೆಚ್ಚುವರಿ ದರ ಹಾಕುತ್ತವೆ.

ನಿನಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಒಂದಿದೆ. ಸ್ಕಾಟ್ಲೆಂಡಿನದೇ ಸೇಂಟ್ ಕಿಲ್ಡಾ ಎಂಬ ದ್ವೀಪದಲ್ಲಿ ಉಳಿದಿದ್ದ 36 ಮಂದಿ ತಾವೇ ಮನವಿ ಸಲ್ಲಿಸಿ 1930ರ ಆಗಸ್ಟ್ 29ರಂದು ಊರನ್ನು ಶಾಶ್ವತವಾಗಿ ತೊರೆದರು. ದುಡಿಯುವ ಗಂಡಸರು ಒಬ್ಬೊಬ್ಬರಾಗಿ ಹೋಗಿ, ದೋಣಿ ಹುಟ್ಟು ಹಾಕುವ ಕೈಗಳೇ ಸಾಲದಾಗಿದ್ದವು. ಆ ನಿರ್ಧಾರಕ್ಕೆ ಬರಲು ಅವರಿಗೆ ನೆರವಾದವರಲ್ಲಿ ಊರಿನ ನರ್ಸ್ ಕೂಡ ಒಬ್ಬರು. ಅಷ್ಟು ಚಿಕ್ಕ ಊರಿನಲ್ಲಿ ನರ್ಸ್ ಬರೀ ನರ್ಸ್ ಆಗಿ ಉಳಿಯುವುದಿಲ್ಲ. ಎಲ್ಲರ ಮನೆಯ ಒಳಗುಟ್ಟು ಬಲ್ಲವಳು, ಜಗಳದಲ್ಲಿ ಎರಡೂ ಕಡೆಯವರು ಕರೆಯುವವಳು. ಡ್ಯೂಟಿ ಮುಗಿಯಿತೆಂದು ಕೋಟು ತೆಗೆದಿಟ್ಟು ಅಂಗಡಿಗೆ ಹೋದರೂ ಅಲ್ಲೊಬ್ಬರು ಮಂಡಿನೋವು ಹೇಳಲು ಕಾದಿರುತ್ತಾರೆ. ಗ್ಲಾಸ್ಗೋದ ದೊಡ್ಡ ಆಸ್ಪತ್ರೆಯಲ್ಲಿ ಯಾರಿಗೂ ಗುರುತಿಲ್ಲದೆ ಮನೆಗೆ ಬರುವ ಸುಖ ನಿನಗೆ ಎಷ್ಟು ಬೇಕಾಗಿದೆ ಎಂದು ನೀನೇ ತೂಗಿ ನೋಡು. ಸಾವಿರ ಜನರ ಊರಿನಲ್ಲಿ ಇದನ್ನು ತಾಳಿಕೊಳ್ಳಬಹುದು, ಐವತ್ತು ಜನರ ಊರಿನಲ್ಲಿ ಕಷ್ಟ. ಬಾರಾ ಎನ್ನಲು ನನಗೆ ಇದೂ ಒಂದು ಕಾರಣ. ಅಳಿಯಂದಿರೂ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಊರಿಗೆ ಮುಖ ತೋರಿಸದಿದ್ದರೆ ಆಗದು. ಇಂಥ ದ್ವೀಪಗಳಲ್ಲಿ ಒಬ್ಬೊಬ್ಬರೂ ಎರಡು ಮೂರು ಕೆಲಸಕ್ಕೆ ಹೆಗಲು ಕೊಡುತ್ತಾರೆ. ಅಗ್ನಿಶಾಮಕ ತಂಡ, ಕಡಲ ರಕ್ಷಣೆ, ಶಾಲೆಯ ಸಮಿತಿ, ಎಲ್ಲಕ್ಕೂ ಜನ ಬೇಕು.

ಜೂನ್ ತಿಂಗಳಲ್ಲಿ ನೋಡಲು ಹೋಗುತ್ತೇವೆಂದು ಬರೆದಿದ್ದೀಯ. ಜೂನ್ ಬೇಡ. ತೋಟ ಕೊಳ್ಳಲು ಬರುವವರಿಗೆ ನಿಮ್ಮಪ್ಪ ಹೇಳುವುದು ನಿನಗೆ ನೆನಪಿರಬಹುದು, ಹೂ ಬಿಟ್ಟಾಗಲ್ಲ, ಆಷಾಢದ ಮಳೆಯಲ್ಲಿ ಬಂದು ನೋಡಿ ಎಂದು. ಬಾರಾದಲ್ಲಿ ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಹುಟ್ಟುವ ಸೂರ್ಯ ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ, ಅಟ್ಲಾಂಟಿಕ್ ಗಾಳಿಗೆ ಅಡ್ಡವಾಗಿ ಮರಗಳೂ ಹೆಚ್ಚಿಲ್ಲ. ಜನವರಿಯಲ್ಲಿ ಮಕ್ಕಳನ್ನೂ ಕರೆದುಕೊಂಡು ಒಂದೆರಡು ವಾರ ಅಲ್ಲಿದ್ದು, ಶಾಲೆಯ ಮುಖ್ಯಸ್ಥರನ್ನು ಕಂಡು, ದೊಡ್ಡವಳನ್ನು ಅವಳ ವಯಸ್ಸಿನ ಮಕ್ಕಳೊಂದಿಗೆ ಬಿಟ್ಟು ನೋಡಿ. ಆ ತರಗತಿಯಲ್ಲಿ ಹುಡುಗಿಯರು ಎಷ್ಟಿದ್ದಾರೆಂಬುದನ್ನು ಮರೆಯದೆ ಕೇಳು. ವೆಸ್ಟ್ರೇಯನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡು, ಅಲ್ಲಿಗೂ ಇವೇ ಪ್ರಶ್ನೆಗಳನ್ನು ಬರೆದು ಕಳಿಸು.

ಬಾರಾಕ್ಕೆ ಹೋಗಿ ಬಂದ ಮೇಲೆ ವಿವರವಾಗಿ ಬರೆ. ಮನೆ ಗೊತ್ತಾದರೆ ಅಡುಗೆಮನೆಯ ಅಳತೆ ತಿಳಿಸು. ಒರಳು ಕಳಿಸಲಾಗದು, ಆದರೆ ನಮ್ಮ ತೋಟದ ಕಾಫಿಪುಡಿ ಮತ್ತು ಮೆಣಸನ್ನು ಎಷ್ಟು ಕಳಿಸಬೇಕೆಂದು ಲೆಕ್ಕ ಹಾಕಿಕೊಳ್ಳುತ್ತೇನೆ. ಅಳಿಯಂದಿರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇಂತು ನಿನ್ನ
ಅಮ್ಮ